ಉಸಿರು ಕುಡಿಯುವ ಹಾವು

ರಾಜಸ್ಥಾನದ ಥಾರ್ ಸೀಮೆಯ ಹಳ್ಳಿಗಳಲ್ಲಿ ‘ಪೀವಣಾ’ ಎಂಬ ಹಾವಿನ ಕಥೆ ಹೇಳುತ್ತಾರೆ. ಅದು ಕಚ್ಚುವುದೇ ಇಲ್ಲವಂತೆ. ರಾತ್ರಿ ಮಲಗಿದವರ ಎದೆಯೇರಿ ಕೂತು ಉಸಿರನ್ನು ಕುಡಿದು ಹೋಗುತ್ತದಂತೆ. ಬೆಳಗ್ಗೆ ನೋಡಿದರೆ ಮಲಗಿದವರು ಮಲಗಿದಂತೆಯೇ ಇರುತ್ತಾರೆ. ಗಾಯವಿಲ್ಲ, ಊತವಿಲ್ಲ, ಒಂದು ಹನಿ ರಕ್ತವಿಲ್ಲ. ಈ ಕಥೆ ಕಟ್ಟಿದವರನ್ನು ನೋಡಿ ನಗುವ ಹಾಗಿಲ್ಲ. ಅವರ ಕಣ್ಣಿಗೆ ಬಿದ್ದದ್ದೆಲ್ಲ ನಿಜವೇ, ಊಹಿಸಿದ ಕಾರಣವೊಂದು ತಪ್ಪು. ಪೀವಣಾ ನಮ್ಮ ಕಟ್ಟುಹಾವಿನ ಕುಲದ್ದು. ಉಸಿರನ್ನು ಅದು ಕುಡಿಯುವುದಿಲ್ಲ, ನಿಲ್ಲಿಸುತ್ತದೆ.

ಕಟ್ಟುಹಾವು, ಕಡಂಬಳ, ಗಡಿನಾಗರ ಎಂದೆಲ್ಲ ಕರೆಯುವ ಈ ಹಾವಿಗೆ ಎಣ್ಣೆ ಸವರಿದಂತೆ ಮಿರುಗುವ ಕಪ್ಪು ಮೈ, ಅದಕ್ಕೆ ಅಡ್ಡವಾಗಿ ತೆಳ್ಳನೆಯ ಬಿಳಿ ಪಟ್ಟೆಗಳು. ಉದ್ದ ಹೆಚ್ಚುಕಡಿಮೆ ಒಂದು ಮೀಟರ್. ನಾಗರ ಹೆಡೆ ಎತ್ತುತ್ತದೆ, ಕೊಳಕುಮಂಡಲ ಕುಕ್ಕರಿನಂತೆ ಬುಸುಗುಡುತ್ತದೆ, ಗರಗಸ ಮಂಡಲ ಹುರುಪೆ ಉಜ್ಜಿ ಕರಕರ ಸದ್ದು ಮಾಡುತ್ತದೆ. ಇದಕ್ಕೆ ಅಂಥ ಆಡಂಬರ ಯಾವುದೂ ಇಲ್ಲ. ಹಗಲಲ್ಲಿ ಎದುರಾದರೆ ಸುರುಳಿ ಸುತ್ತಿ, ತಲೆಯನ್ನು ಅದರೊಳಗೆ ಹುದುಗಿಸಿಕೊಂಡು ಬಿದ್ದಿರುತ್ತದೆ. ಕೋಲಿನಿಂದ ತಿವಿದರೂ ಬಹಳ ಸಲ ಮಿಸುಕುವುದಿಲ್ಲ. ಈ ಬಡಪಾಯಿ ಏನು ಮಾಡೀತು ಎಂದುಕೊಂಡು ಕೈಗೆತ್ತಿಕೊಂಡವರೂ ಉಂಟು. ಕತ್ತಲಾದ ಮೇಲೆ ಅದು ಬೇರೆಯೇ ಹಾವು.

ಈ ಕುಲದ ಶಾಸ್ತ್ರೀಯ ಹೆಸರು ‘ಬಂಗಾರಸ್’. ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ, ಅದು ನಮ್ಮ, ತೆಲುಗರ ಬಂಗಾರವೇ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಪ್ಯಾಟ್ರಿಕ್ ರಸೆಲ್ 1796ರಲ್ಲಿ ಕೋರಮಂಡಲ ತೀರದ ಹಾವುಗಳ ಗ್ರಂಥ ಹೊರತಂದಾಗ, ಹಳದಿ-ಕಪ್ಪು ಪಟ್ಟೆಯ ದೊಡ್ಡ ಹಾವೊಂದರ ತೆಲುಗು ಹೆಸರನ್ನೂ ಬರೆದಿಟ್ಟ. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ದೋದಾ 1803ರಲ್ಲಿ ಅದಕ್ಕೆ ಲ್ಯಾಟಿನ್ ಬಾಲ ಅಂಟಿಸಿದ. ಎರಡು ಮೀಟರ್ ಮೀರಿಯೂ ಬೆಳೆಯುವ ಈ ಬಂಗಾರದ ಹಾವು ಬಂಗಾಳ, ಅಸ್ಸಾಮಿನಿಂದ ಇಂಡೊನೇಷ್ಯಾವರೆಗೆ ಹಬ್ಬಿದೆ. ಬೆನ್ನು ಮನೆಯ ಮಾಡಿನಂತೆ ಏಣಾಗಿದ್ದು, ಬಾಲದ ತುದಿ ಮೊಂಡಾಗಿರುತ್ತದೆ. ಕಚ್ಚುವುದು ಅಪರೂಪ.

ಇವುಗಳ ಮುಖ್ಯ ಊಟ ಬೇರೆ ಹಾವುಗಳು. ಕಟ್ಟುಹಾವು ತನ್ನ ಜಾತಿಯದನ್ನೂ ಬಿಡುವುದಿಲ್ಲ. ಇಲಿ, ಹಲ್ಲಿ, ಕಪ್ಪೆಯೂ ಆದೀತು. ಅವನ್ನು ಅರಸಿಕೊಂಡೇ ಅದು ಇಟ್ಟಿಗೆ ರಾಶಿಗೆ, ಸೌದೆ ಕೊಟ್ಟಿಗೆಗೆ, ಅಲ್ಲಿಂದ ಮನೆಯೊಳಕ್ಕೆ ಬರುತ್ತದೆ. ನೆಲದಲ್ಲಿ ಚಾಪೆ ಹಾಸಿ ಮಲಗಿದವರು ಮಗ್ಗುಲು ಬದಲಿಸುವಾಗ ಕೈಯೋ ಕಾಲೋ ತಗುಲುತ್ತದೆ. ಹಲ್ಲು ಚಿಕ್ಕದು, ಇರುವೆ ಕಚ್ಚಿದಷ್ಟೂ ನೋಯದಿರಬಹುದು. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದವರು ರಾತ್ರಿಯ ಊಟವನ್ನು ಬೈಯುತ್ತಾರೆ. ಆಮೇಲೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ. ಹಾವಿನ ಯೋಚನೆ ಬರುವಷ್ಟರಲ್ಲಿ ಎಷ್ಟೋ ಹೊತ್ತು ಕಳೆದಿರುತ್ತದೆ. ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದ ಸೊಳ್ಳೆಪರದೆ ಇಲ್ಲಿ ಸೊಳ್ಳೆಗಿಂತ ದೊಡ್ಡ ಶತ್ರುವನ್ನು ತಡೆಯುತ್ತದೆ.

ವಿಷ ಕೆಲಸ ಮಾಡುವುದು ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ. ನರವು ಕಳಿಸುವ ರಾಸಾಯನಿಕ ಸುದ್ದಿ ಸ್ನಾಯುವಿನ ಬಾಗಿಲು ತಟ್ಟಬೇಕು. ವಿಷದ ಒಂದು ಅಂಶ ಆ ಬಾಗಿಲಿಗೆ ಬೀಗ ಜಡಿದರೆ, ಇನ್ನೊಂದು ಸುದ್ದಿ ಹೊರಡುವ ನರದ ತುದಿಯನ್ನೇ ಹಾಳುಗೆಡವುತ್ತದೆ. ಮದ್ದಿಗೆ ಸವಾಲಾಗಿರುವುದು ಈ ಎರಡನೆಯದು. ಪ್ರತಿವಿಷ ರಕ್ತದಲ್ಲಿ ಅಲೆಯುತ್ತಿರುವ ವಿಷವನ್ನು ಹಿಡಿಯಬಲ್ಲದು, ಸತ್ತ ನರದ ತುದಿಯನ್ನು ಬದುಕಿಸಲಾರದು. ಅದು ತಾನಾಗಿ ಚಿಗುರಬೇಕು. ಅಲ್ಲಿಯವರೆಗೆ ವೆಂಟಿಲೇಟರ್ ಉಸಿರಾಡಿಸಬೇಕು.

ಬೀಗ ಜಡಿಯುವ ಅಂಶವನ್ನು 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ಅಲ್ಲಿಯ ಬಹುಪಟ್ಟೆ ಕಟ್ಟುಹಾವಿನಿಂದ ಬೇರ್ಪಡಿಸಿದರು. ಒಮ್ಮೆ ಅಂಟಿದರೆ ಸುಲಭಕ್ಕೆ ಬಿಡದ ಅದರ ಗುಣವೇ ಪ್ರಯೋಗಾಲಯಕ್ಕೆ ವರವಾಯಿತು. ಸ್ನಾಯುವಿನ ಮೇಲೆ ಅಂಥ ಬಾಗಿಲು ಎಷ್ಟಿವೆಯೆಂದು ಅದರಿಂದ ಎಣಿಸಬಹುದಿತ್ತು. ಮಯಸ್ತೇನಿಯಾ ಗ್ರಾವಿಸ್ ಎಂಬ ಸ್ನಾಯು ದೌರ್ಬಲ್ಯದ ರೋಗಿಗಳಲ್ಲಿ ಈ ಬಾಗಿಲುಗಳೇ ಕಡಿಮೆಯಿವೆ ಎಂಬುದು 1973ರಲ್ಲಿ ತಿಳಿದದ್ದು ಈ ವಿಷದಿಂದಲೇ.

ಪಟ್ಟೆ ನೋಡಿ ಹಾವು ಗುರುತಿಸುತ್ತೇನೆ ಎನ್ನುವವರು ಜೋ ಸ್ಲೊವಿನ್ಸ್ಕಿಯ ಕಥೆ ಕೇಳಬೇಕು. ಅಮೆರಿಕದ ಈ ಉರಗತಜ್ಞ 2001ರ ಸೆಪ್ಟೆಂಬರ್ 11ರಂದು ಮ್ಯಾನ್ಮಾರಿನ ಉತ್ತರದ ಕಾಡಂಚಿನಲ್ಲಿದ್ದ. ಕಟ್ಟುಹಾವನ್ನೇ ಹೋಲುವ ನಿರುಪದ್ರವಿ ಹಾವು ಒಳಗಿದೆ ಎಂದುಕೊಂಡು ಚೀಲಕ್ಕೆ ಕೈ ಹಾಕಿದಾಗ ಕಚ್ಚಿದ್ದು ಪೆನ್ಸಿಲಿನಷ್ಟು ಸಣ್ಣ ಕಟ್ಟುಹಾವಿನ ಮರಿ. ಜಗತ್ತೆಲ್ಲ ನ್ಯೂಯಾರ್ಕಿನತ್ತ ನೋಡುತ್ತಿದ್ದ ಹೊತ್ತಿಗೆ ಜೊತೆಗಾರರು ಸರದಿಯಲ್ಲಿ ಅವನ ಬಾಯಿಗೆ ಬಾಯಿಟ್ಟು ಗಂಟೆಗಟ್ಟಲೆ ಉಸಿರೂದಿದರು. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಬರಲಾಗಲಿಲ್ಲ. ಮರುದಿನ ಅವನು ತೀರಿಕೊಂಡ. ವಯಸ್ಸು 38.

ನಮ್ಮಲ್ಲಿ ಹಾಗೆ ಏಮಾರಿಸುವುದು ತೋಳಹಾವು. ಅದಕ್ಕೆ ವಿಷವಿಲ್ಲ, ಗೋಡೆ ಹತ್ತಿ ಹಲ್ಲಿ ಹಿಡಿಯುತ್ತದೆ. ಅದರ ಪಟ್ಟೆ ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆ ಮಸುಕಾಗುತ್ತದೆ. ಕಟ್ಟುಹಾವಿನದು ಸಾಮಾನ್ಯವಾಗಿ ತಿರುಗುಮುರುಗು: ಕುತ್ತಿಗೆಯ ಬಳಿ ಮಾಸಲು, ಹಿಂದಕ್ಕೆ ಹೋದಂತೆ ಸ್ಪಷ್ಟ. ಬೆನ್ನಹುರಿಯುದ್ದಕ್ಕೂ ಆರು ಮೂಲೆಯ ದೊಡ್ಡ ಹುರುಪೆಗಳ ಸಾಲೂ ಇರುತ್ತದೆ. ಇದೆಲ್ಲ ಪುಸ್ತಕದಲ್ಲಿ ಸರಿ. ನಡುರಾತ್ರಿ ಟಾರ್ಚ್ ಬೆಳಕಲ್ಲಿ ಹುರುಪೆಯ ಮೂಲೆ ಎಣಿಸುವವರು ಯಾರು? ತಜ್ಞರಿಗೇ ಇದು ಕಗ್ಗಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಡಿಎನ್‌ಎ, ವಿಷ ಎರಡನ್ನೂ ಪರೀಕ್ಷಿಸಿ, ದಕ್ಷಿಣದ ಕಟ್ಟುಹಾವುಗಳ ನಡುವೆ ಅಡಗಿದ್ದ ಹೊಸ ಪ್ರಭೇದವೊಂದನ್ನು 2021ರಲ್ಲಿ ಹೆಸರಿಸಿತು. ಹೆಸರು ಆಗುಂಬೆಯ ಸಂಶೋಧನಾ ಕೇಂದ್ರ ಕಟ್ಟಿದ ರಾಮ್ಯುಲಸ್ ವಿಟೇಕರ್ ಅವರದು.

ವಿಷ ಪೂರ್ತಿ ಏರಿದ ರೋಗಿ ಕಣ್ಣು ತೆರೆಯಲಾರ, ಬೆರಳು ಅಲುಗಿಸಲಾರ. ಬೆಳಕು ಬಿಟ್ಟರೂ ಕಣ್ಣಿನ ಪಾಪೆ ಕಿರಿದಾಗದಿರಬಹುದು. ಮಿದುಳು ಸತ್ತಿದೆ ಎಂದೇ ತೋರುತ್ತದೆ. ಆದರೆ ವಿಷ ಮಿದುಳನ್ನು ಮುಟ್ಟಿರುವುದಿಲ್ಲ. ವೆಂಟಿಲೇಟರಿನ ಸದ್ದು, ಡಾಕ್ಟರ ಮಾತು, ಹಾಸಿಗೆಯ ಪಕ್ಕ ನಿಂತವರ ಅಳು ಎಲ್ಲವೂ ಅವನಿಗೆ ಕೇಳಿಸುತ್ತಿರಬಹುದು.