ಹುಲಿವಾಹನನ ಮಲೆಯಲ್ಲಿ ನಾವು ಅತಿಥಿಗಳು

ಮಲೆ ಮಹದೇಶ್ವರ ಬೆಟ್ಟವೆಂದೊಡನೆ ಭಕ್ತರ ಕಣ್ಮುಂದೆ ನಿಲ್ಲುವುದು ಹುಲಿಯನ್ನೇರಿದ ಮಾದಪ್ಪನ ಮೂರ್ತಿ. ನಮ್ಮ ಮನೆಗಳ ಪಟದಲ್ಲಿರುವ ಆ ಹುಲಿಗೆ ಕೈಮುಗಿಯುವುದು ಸುಲಭ. ಕಾಡಿನಲ್ಲಿ ಜೀವಂತ ಮೃಗವೇ ಎದುರಾದಾಗ ನಮ್ಮ ಭಕ್ತಿ ಹೇಗಿರಬೇಕೆಂಬುದನ್ನು ನಾವು ಅಷ್ಟಾಗಿ ಯೋಚಿಸಿದವರಲ್ಲ.

ಕೆಲವು ವರ್ಷಗಳ ಹಿಂದೆ ಶಿವರಾತ್ರಿಯ ಸಮಯದಲ್ಲಿ ನಾವು ಕುಟುಂಬಸಮೇತರಾಗಿ ತಾಳಬೆಟ್ಟದಿಂದ ಪಾದಯಾತ್ರೆ ಹೊರಟಿದ್ದೆವು. ಇಳಿಹೊತ್ತಿಗೆ ತಿರುವೊಂದರಲ್ಲಿ ಬಿದಿರು ಮುರಿಯುವ ಸದ್ದಾಯಿತು. ನೋಡಿದರೆ ಮರಿಯೊಡನೆ ಹೆಣ್ಣಾನೆಯೊಂದು ದಾರಿಗಡ್ಡವಾಗಿ ನಿಂತಿದೆ! ಕೂಗಿ ಓಡಿಸಲು ಮುಂದಾದ ಇಬ್ಬರು ತರುಣರನ್ನು ವೃದ್ಧ ಭಕ್ತರೊಬ್ಬರು ತಡೆದರು. "ಅದರ ಮನೆಗೆ ನಾವು ಬಂದಿರೋದು ಕನ್ರಪ್ಪಾ, ವಸಿ ಹಿಂದಕ್ಕೆ ಸರೀರಿ" ಎಂದರು.

ಆನೆ ಕಿವಿ ಬೀಸುವುದನ್ನು ನಿಲ್ಲಿಸಿತ್ತು. ಸೊಂಡಿಲನ್ನೆತ್ತಿ ನಮ್ಮ ವಾಸನೆ ಹಿಡಿಯುತ್ತಿತ್ತು. ನಾವು ಮಕ್ಕಳನ್ನು ನಡುವೆ ಇರಿಸಿಕೊಂಡು, ಬೆನ್ನು ತೋರಿಸದೆ, ಮೆಲ್ಲನೆ ಹಿಂದೆ ಸರಿದೆವು. ಕಾಲು ಗಂಟೆಯ ತರುವಾಯ ತಾಯಿ ಮರಿಯನ್ನು ಕರೆದುಕೊಂಡು ಹಳ್ಳಕ್ಕಿಳಿಯಿತು. ಆಗಲೇ ನಮಗೆ ಉಸಿರು ಬಂದಿತು. ಅಂದು ಅದು ನಮಗೆ ದಾರಿ ಬಿಟ್ಟಿತೆನ್ನುವುದಕ್ಕಿಂತ, ನಾವು ಅದಕ್ಕೆ ದಾರಿ ಬಿಟ್ಟೆವೆನ್ನುವುದೇ ಸರಿ.

ವೃದ್ಧರ ಮಾತಿನಲ್ಲಿ ಸತ್ಯವಿತ್ತು. ಒಂಬೈನೂರು ಚದರ ಕಿಲೋಮೀಟರಿಗೂ ಮಿಗಿಲಾದ ಈ ಕಾಡನ್ನು 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಬಿಳಿಗಿರಿರಂಗನ ಬೆಟ್ಟ, ಕಾವೇರಿ ವನ್ಯಧಾಮ ಹಾಗೂ ತಮಿಳುನಾಡಿನ ಸತ್ಯಮಂಗಲದ ಅರಣ್ಯಗಳು ಇದಕ್ಕೆ ನೆರೆಹೊರೆ. ಆನೆಗಳು ನೀರು ಮೇವು ಅರಸಿ ಇವುಗಳ ನಡುವೆ ಸಂಚರಿಸುತ್ತವೆ. ನಮ್ಮ ಯಾತ್ರೆಯ ಹಾದಿಯೂ ಇದೇ ಕಾಡನ್ನು ಹಾದುಹೋಗುತ್ತದೆ.

ಇಂತಹ ಪುಣ್ಯಭೂಮಿಯಲ್ಲಿಯೇ 2025ರ ಜೂನ್ ತಿಂಗಳಿನಲ್ಲಿ, ಹೂಗ್ಯಂ ವಲಯದಲ್ಲಿ, ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಹಾಲು ಕೊಡುವ ಹಸುವನ್ನು ಕಳೆದುಕೊಂಡ ಬಡವನ ಸಂಕಟ ಸಣ್ಣದಲ್ಲ. ದನಕರು ಹುಲಿಯ ಪಾಲಾದರೆ ಸರ್ಕಾರದಿಂದ ಪರಿಹಾರವುಂಟು. ಅದು ಕೈಸೇರುವವರೆಗೆ ಅಂತಹ ಕುಟುಂಬದ ಬೆನ್ನಿಗೆ ನಿಲ್ಲುವುದು ಸಮಾಜದ ಕರ್ತವ್ಯ. ಆದರೆ ಸ್ವಾಮಿಯ ವಾಹನಕ್ಕೆ ವಿಷವಿಕ್ಕಿ ಸ್ವಾಮಿಗೆ ಉಘೇ ಎನ್ನಲಾದೀತೇ?

ಯಾತ್ರಿಕರಾದ ನಮ್ಮ ಪಾಲಿನ ಕರ್ತವ್ಯವೂ ಉಂಟು. ಹಗಲಿನಲ್ಲಿ ಗುಂಪಾಗಿ ನಡೆಯೋಣ. ಮಕ್ಕಳ ಕೈ ಬಿಡದಿರೋಣ. ಚಿರತೆ ಕಂಡರೆ ಓಡದೆ, ಬಗ್ಗದೆ, ಒಟ್ಟಾಗಿ ನಿಲ್ಲೋಣ. ಉಳಿದ ಬುತ್ತಿಯನ್ನೂ ಪ್ಲಾಸ್ಟಿಕ್ ಚೀಲಗಳನ್ನೂ ದಾರಿಯಲ್ಲಿ ಎಸೆಯದಿರೋಣ. ಅವುಗಳ ವಾಸನೆಗೆ ಹಂದಿ, ಕೋತಿ, ಆನೆಗಳು ದಾರಿಗಿಳಿಯುತ್ತವೆ. ಬೆಟ್ಟಕ್ಕೆ ಹೋದವರು ಅತಿಥಿಗಳಂತೆ ಹೋಗಿ, ಅತಿಥಿಗಳಂತೆ ಮರಳಿದರೆ ಮಾದಪ್ಪನು ಮೆಚ್ಚುವನು.