ಲೇಹ್‌ನಲ್ಲಿ ಏದುಸಿರು ಏಕೆ?

ಪ್ರಶ್ನೆ: ಬೆಂಗಳೂರಿನಲ್ಲಿ ದಿನವೂ ಓಡುವ ನನಗೆ ಲೇಹ್‌ನಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬಂತು. ಏಕೆ?

ಉತ್ತರ: ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 21ರಷ್ಟೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಹಾಗಾಗಿ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ಕತ್ತಿನ ಅಪಧಮನಿಗಳ ಬಳಿಯಿರುವ ಸಂವೇದಕಗಳು ಈ ಕೊರತೆ ಗುರುತಿಸಿ ಉಸಿರಾಟವನ್ನು ಚುರುಕಾಗಿಸುತ್ತವೆ, ಎದೆಬಡಿತವೂ ಏರುತ್ತದೆ. ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡಗಳು ಎರಿತ್ರೊಪೊಯೆಟಿನ್ ಹಾರ್ಮೋನನ್ನು ಹೆಚ್ಚಿಸುತ್ತವೆ. ಅದರ ಪ್ರಚೋದನೆಯಿಂದ ಕೆಂಪು ರಕ್ತಕಣಗಳು ಹೆಚ್ಚಲು ಮಾತ್ರ ವಾರಗಳೇ ಬೇಕು. ಓಟದ ಅಭ್ಯಾಸ ಈ ಹೊಂದಾಣಿಕೆಯನ್ನು ಬೇಗ ಮಾಡಿಸದು. ಮೊದಲ ಎರಡು ದಿನ ವಿಶ್ರಾಂತಿ ಪಡೆಯಿರಿ. ಸುಮ್ಮನೆ ಕುಳಿತಾಗಲೂ ಉಸಿರುಗಟ್ಟಿದರೆ, ನಡೆಯುವಾಗ ತೂರಾಡಿದರೆ ಕೂಡಲೇ ವೈದ್ಯರನ್ನು ಕಾಣಿರಿ, ತಡಮಾಡದೆ ಕೆಳಗಿಳಿಯಿರಿ.