ದಿನಬಳಕೆಯ ಸ್ಪೋರ್ಟ್ಸ್ ಕಾರಿಗೆ ರೋಲ್ ಬಾರ್ ಹಾಕಿಸಬಹುದೇ?

ರೋಲ್ ಬಾರ್ ಎಂದರೆ ಮುಂದಿನ ಸೀಟುಗಳ ಬೆನ್ನಿಗೆ ಕಮಾನಿನಂತೆ ನಿಲ್ಲುವ ಉಕ್ಕಿನ ಕೊಳವೆ. ಕಾರು ಮಗುಚಿದಾಗ ಚಾವಣಿ ತಲೆಯ ಮೇಲೆ ಕುಸಿಯದಂತೆ ಅದು ತಡೆಯುತ್ತದೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎಯ ನಿಯಮದಲ್ಲಿ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಕೊಳವೆ ಒಂದು ಅಂಗೀಕೃತ ಅಳತೆ. ನೆಲದ ತಗಡಿಗೆ ಬರೀ ಬೋಲ್ಟ್ ಬಿಗಿದರೆ ಪೆಟ್ಟು ಬಿದ್ದಾಗ ಕಮಾನಿನ ಕಾಲು ತಗಡನ್ನೇ ಸೀಳಿಕೊಂಡು ಇಳಿಯುತ್ತದೆ. ಅದಕ್ಕೇ ಕಾಲಿನಡಿ ಕನಿಷ್ಠ 3 ಮಿ.ಮೀ. ದಪ್ಪದ ಪ್ಲೇಟು ಕೊಡುವುದು.

ರೋಲ್ ಬಾರ್ ಜೊತೆಗೆ ಹಲವರು ಹಾರ್ನೆಸ್, ಅಂದರೆ ರೇಸ್ ಕಾರಿನ ಹಲವು ಪಟ್ಟಿಗಳ ಸೀಟ್ ಬೆಲ್ಟನ್ನೂ ಹಾಕಿಸುತ್ತಾರೆ. ಅದರ ಭುಜದ ಪಟ್ಟಿಗಳು ಹಿಂದಕ್ಕೆ ಹೆಚ್ಚುಕಡಿಮೆ ಅಡ್ಡಡ್ಡಲಾಗಿ ಹೋಗಬೇಕು. ಅವನ್ನು ನೆಲಕ್ಕೆ ಕಟ್ಟಿದರೆ ಡಿಕ್ಕಿಯಲ್ಲಿ ಬೆನ್ನುಮೂಳೆಯನ್ನೇ ಅದುಮುತ್ತವೆ. ತೊಡೆಗಳ ನಡುವಿನ ಪಟ್ಟಿ ಇಲ್ಲದಿದ್ದರೆ ಸೊಂಟದ ಪಟ್ಟಿ ಹೊಟ್ಟೆಗೆ ಏರುತ್ತದೆ. ರೋಲ್ ಬಾರ್ ಇಲ್ಲದೆ ಹಾರ್ನೆಸ್ ಮಾತ್ರ ಹಾಕುವುದಂತೂ ಅಪಾಯ: ಚಾವಣಿ ಕುಸಿದಾಗ ಮೈ ಪಕ್ಕಕ್ಕೆ ವಾಲಲೂ ಆಗದು.

ಚೆನ್ನೈ ಹತ್ತಿರದ ಶ್ರೀಪೆರುಂಬುದೂರು ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್‌ನಲ್ಲಿ ಚಾಲಕನ ತಲೆಗೆ ಹೆಲ್ಮೆಟ್ ಇರುತ್ತದೆ. ತಾಂಬರಂನ ಜಿಎಸ್‌ಟಿ ಹೆದ್ದಾರಿಯಲ್ಲಿ ಇರುವುದಿಲ್ಲ. ಹಿಂದಿನಿಂದ ಬಸ್ಸು ಗುದ್ದಿದರೆ ಬರಿದಲೆ ರೋಲ್ ಬಾರ್‌ನ ಉಕ್ಕಿಗೇ ಬಡಿಯಬಹುದು. ಗಟ್ಟಿ ಪ್ಯಾಡಿಂಗ್ ಸುತ್ತಿದರೂ ಅಪಾಯ ಪೂರ್ತಿ ಹೋಗದು. ಬಿಗಿದ ಹಾರ್ನೆಸ್‌ನಲ್ಲಿ ತಿರುವಿನಲ್ಲಿ ಮುಂದೆ ಬಗ್ಗಿ ನೋಡುವುದೂ ಕಷ್ಟ. ಹಾಗಾಗಿ ರಸ್ತೆಯಲ್ಲಿ ಕಂಪನಿಯ ಬೆಲ್ಟೇ ಲೇಸು, ಅದನ್ನು ಕಿತ್ತುಹಾಕಬಾರದು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಕೆಲಸಕ್ಕೆ ಕೈಹಾಕುವ ಮೊದಲು ಆರ್‌ಟಿಒ ಮತ್ತು ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.